ಒಡೆಯದ ಗಾಜು

ಫೋಟೊಗೆ ಕಟ್ಟು ಹಾಕುವ ಯಜಮಾನರೆಂದರೆ ಬೀದಿಗೆಲ್ಲ ಗೊತ್ತು. ಮದುವೆಯಾದವರು, ಪರೀಕ್ಷೆ ಪಾಸಾದವರು, ತೀರಿಕೊಂಡವರು, ಯಾರೇ ಆಗಲಿ, ಗೋಡೆ ಏರುವ ಮುಂಚೆ ಅವರ ಅಂಗಡಿಯ ಮೇಜಿನ ಮೇಲೆ ಒಂದೆರಡು ದಿನ ಅಂಗಾತ ಮಲಗಲೇಬೇಕು. ಹೀಗೆ ಊರಿನ ಅರ್ಧ ಗೋಡೆಗಳಿಗೆ ಮೊಳೆ ಹೊಡೆಸಿದ ಈ ಮಹಾನುಭಾವರು ತಮ್ಮ ಬಾಡಿಗೆ ಮನೆಗೆ ಮಾತ್ರ ಒಂದು ಶಾಸನ ಮಾಡಿದ್ದರು: ಇಲ್ಲಿ ಗೋಡೆಗೆ ಮೊಳೆ ಹೊಡೆಯಕೂಡದು. ಮನೆ ನೋಡಲು ಬಂದವರು ನೀರಿನ ವಿಷಯ ಎತ್ತುವ ಮೊದಲೇ ಮೊಳೆಯ ವಿಷಯ ಅವರ ಕಿವಿಗೆ ಬಿದ್ದಿರುತ್ತಿತ್ತು. "ಹಾಗಾದ್ರೆ ನಮ್ಮ ಫೋಟೊ ಎಲ್ಲಿ ತೂಗು ಹಾಕೋದು?" ಎಂದು ಯಾರಾದರೂ ಕೇಳಿದರೆ, "ಮೇಜಿನ ಮೇಲೆ ನಿಲ್ಲಿಸೋ ಕಟ್ಟೂ ನಮ್ಮಂಗಡೀಲಿ ಸಿಗುತ್ತೆ, ಬನ್ನಿ" ಎನ್ನುತ್ತಿದ್ದರು. ವ್ಯಾಪಾರ ಕೈತಪ್ಪಿ ಹೋಗಲು ಬಿಡುವ ಆಸಾಮಿ ಅಲ್ಲ ಅವರು.

ಮನೆ ಅವರ ತಾತ ಕಟ್ಟಿಸಿದ್ದು. ಇಟ್ಟಿಗೆ, ಸುಣ್ಣದ ಗಾರೆ, ಗಾರೆ ಸಾಲದ ಕಡೆ ಮಣ್ಣು. ತಾತ ಒಂದು ಅಂತಸ್ತಿಗೆಂದು ಕಟ್ಟಿದ ಗೋಡೆಯ ಮೇಲೆ ಅಪ್ಪ ಇನ್ನೊಂದು ಅಂತಸ್ತು ಏರಿಸಿದರು. ಮಗ ಹಿಂದೆ ಬೀಳುತ್ತಾರೆಯೇ? ಅವರು ಅದರ ಮೇಲೆ ನೀರಿನ ಟ್ಯಾಂಕು ಕೂರಿಸಿ, ಮಹಡಿಯ ಕೋಣೆಯ ತುಂಬ ಅಂಗಡಿಯ ಸರಕು ಪೇರಿಸಿದರು. ಆಳೆತ್ತರದ ಗಾಜಿನ ಹಾಳೆಗಳು, ಮರದ ಪಟ್ಟಿಗಳು, ಯಾರೂ ಬಿಡಿಸಿಕೊಂಡು ಹೋಗದ ಕಟ್ಟುಗಳು. ಕೆಳಗೆ ಮುಂಭಾಗದಲ್ಲಿ ಯಜಮಾನರು ಮತ್ತು ಅವರ ಹೆಂಡತಿ, ಹಿಂಭಾಗದಲ್ಲಿ ಬಾಡಿಗೆಯವರು. ಇಬ್ಬರ ಮಲಗುವ ಕೋಣೆಗಳ ನಡುವೆ ಇದ್ದದ್ದು ಒಂದೇ ದಪ್ಪ ಗೋಡೆ. ಮಹಡಿ, ಟ್ಯಾಂಕು, ಗಾಜು ಎಲ್ಲದರ ಭಾರವೂ ಬಂದು ಕೂರುತ್ತಿದ್ದದ್ದು ಅದರ ತಲೆಯ ಮೇಲೆ. ಸಾಲದ್ದಕ್ಕೆ ಮಹಡಿಯ ಬಚ್ಚಲ ನೀರಿನ ಪೈಪು ಅದರ ಹೊಟ್ಟೆಯೊಳಗೇ ಹಾದು ಕೆಳಗಿಳಿಯುತ್ತಿತ್ತು. ಮೂರು ತಲೆಮಾರು ಆ ಗೋಡೆಯ ಮೇಲೆ ಹೇರಿದ್ದೇ ಹೇರಿದ್ದು, ಎಷ್ಟು ತಡೆದೀತು ಎಂದು ಒಬ್ಬರೂ ಯೋಚಿಸಲಿಲ್ಲ. ಕೇಳಿದರೆ ಯಜಮಾನರದು ಒಂದೇ ಉತ್ತರ: "ಹಳೇ ಕಾಲದ ಕಟ್ಟಡ ಕಣ್ರೀ. ಈಗಿನವರ ಹಾಗೆ ಬಿಸ್ಕತ್ತಲ್ಲ."

ಹಿಂಭಾಗದ ಬಾಡಿಗೆಗೆ ಆಗ ಇದ್ದದ್ದು ಆಸ್ಪತ್ರೆಯ ನರ್ಸಮ್ಮ. ಗಂಡ ಲಾರಿ ಓಡಿಸುತ್ತಿದ್ದ, ಮನೆಗೆ ಬರುವುದು ನೆಂಟನ ಹಾಗೆ. ಇದ್ದ ಒಬ್ಬಳೇ ಮಗಳು ಆಗಷ್ಟೇ ಶಾಲೆಗೆ ಸೇರಿದ್ದಳು. ಎಲ್ಲರೂ ಅವಳನ್ನು ಪುಟ್ಟಿ ಎನ್ನುತ್ತಿದ್ದರು, ಅವಳು ಯಜಮಾನರನ್ನು "ಫ್ರೇಮ್ ತಾತ" ಎನ್ನುತ್ತಿದ್ದಳು. ತಾಯಿ ಡ್ಯೂಟಿಗೆ ಹೋದಾಗ ಅವಳನ್ನು ನೋಡಿಕೊಳ್ಳುತ್ತಿದ್ದದ್ದು ಯಜಮಾನರ ಹೆಂಡತಿ. ಆಕೆಗೆ ಪುಟ್ಟಿ ಎಂದರೆ ಜೀವ. ಮಧ್ಯಾಹ್ನ ಅವಳನ್ನು ಮಲಗಿಸಿ, ಬಾಗಿಲು ಮುಂದೆ ಮಾಡಿಕೊಂಡು ಬಂದು, ಮತ್ತೆ ಮತ್ತೆ ಹೋಗಿ ಇಣುಕಿ ಬರುತ್ತಿದ್ದರು. ಪುಟ್ಟಿಯ ಮಂಚ ಇದ್ದದ್ದು ಆ ದಪ್ಪ ಗೋಡೆಗೆ ಒತ್ತಿಕೊಂಡು.

ಬಿರುಕನ್ನು ಮೊದಲು ಕಂಡದ್ದು ಪುಟ್ಟಿಯೇ. ಸೂರಿನ ಮೂಲೆಯಿಂದ ಓರೆಯಾಗಿ ಮಂಚದ ಕಡೆಗೆ ಇಳಿದಿತ್ತು. ಅವಳಿಗೆ ಅದು ಅಂಚೆ ಡಬ್ಬಿ. ಬಳಪದ ಚೂರು, ಗುಂಡಿ, ಬಣ್ಣದ ಕಾಗದ, ಕೈಗೆ ಸಿಕ್ಕಿದ್ದನ್ನೆಲ್ಲ ಅದರೊಳಗೆ ತೂರಿಸುತ್ತಿದ್ದಳು. ತೂರಿಸಿದ್ದು ಒಂದೂ ವಾಪಸು ಬರುವುದಿಲ್ಲ ಎಂದು ತಾಯಿಗೆ ಗೊತ್ತಾದ ದಿನ ಆಕೆ ಯಜಮಾನರನ್ನು ಕರೆದು ತೋರಿಸಿದಳು.

"ಹಳೇ ಮನೆ ಅಂದ್ಮೇಲೆ ಮುಖದ ಮೇಲೆ ನಾಲ್ಕು ಸುಕ್ಕು ಇದ್ದೇ ಇರುತ್ತಮ್ಮ," ಎಂದರು ಯಜಮಾನರು.

"ಸುಕ್ಕಾದ್ರೆ ಅಗಲ ಆಗ್ತಾ ಹೋಗಲ್ಲ ಅಂಕಲ್. ಮಳೆ ಶುರುವಾದಾಗ ಕೂದಲೆಳೆ ಇತ್ತು, ಈಗ ನನ್ನ ಬೆರಳೇ ಹೋಗುತ್ತೆ. ನಾವು ಬೇರೆ ಮನೆ ನೋಡ್ಕೋತೀವಿ."

ಬೇರೆ ಮನೆ ಎಂಬ ಮಾತು ಕೇಳಿದ್ದೇ ತಡ, ಯಜಮಾನರಿಗೆ ಕಟ್ಟಡದ ಮೇಲೆ ಎಲ್ಲಿಲ್ಲದ ಕಾಳಜಿ ಉಕ್ಕಿ ಬಂತು. ಬಂದು ಸೇರಿದಾಗಿನಿಂದ ಒಂದೇ ಒಂದು ಮೊಳೆ ಹೊಡೆಯದ ಬಾಡಿಗೆಯವರು ಬೇಕೆಂದರೆ ಸಿಗುತ್ತಾರೆಯೇ? ಹೆಂಡತಿಯ ತಮ್ಮ ಎಂಜಿನಿಯರು. ಸ್ವಂತ ಭಾಮೈದ, ಫೀಸು ಕೇಳುವಂತಿಲ್ಲ. ಅವನನ್ನೇ ಕರೆಸಿದರು.

ಭಾಮೈದ ಬಂದ, ಗೋಡೆ ತಟ್ಟಿದ, ಕಿವಿ ಇಟ್ಟು ಕೇಳಿದ. ತಟ್ಟಿದ ಕಡೆಯೆಲ್ಲ ಒಳಗೆ ಟೊಳ್ಳು ಸದ್ದು. "ಗೋಡೆ ಹೊಟ್ಟೆ ಬಿಟ್ಟಿದೆ ಭಾವ. ಪೈಪಿನ ನೀರು ಒಳಗೇ ಇಳೀತಿರೋ ಹಾಗಿದೆ. ಇದು ಹಳೇ ಬಿರುಕು ಸುಮ್ನೆ ನಿಂತಿದೆಯೋ, ಇನ್ನೂ ಬಾಯಿ ಬಿಡ್ತಾನೇ ಇದೆಯೋ, ಮೊದಲು ಅದು ಗೊತ್ತಾಗ್ಬೇಕು," ಎಂದ. ಅಂಗಡಿಯಿಂದ ತೆಳ್ಳನೆಯ ಗಾಜಿನ ಪಟ್ಟಿ ತರಿಸಿ, ಬಿರುಕಿಗೆ ಅಡ್ಡಲಾಗಿ ಇಟ್ಟು, ಎರಡು ತುದಿಗೂ ಪ್ಲಾಸ್ಟರ್ ಮೆತ್ತಿ ಕೂರಿಸಿದ. "ಈ ಗಾಜು ಒಡೀಬಾರದು. ಒಡೆದ್ರೆ ಗೋಡೆ ಜರಗ್ತಾ ಇದೆ ಅಂತ ಅರ್ಥ. ತಕ್ಷಣ ನಂಗೆ ಫೋನ್ ಮಾಡಿ." ಅಷ್ಟು ಹೇಳಿ ತನ್ನ ಸೇತುವೆ ಕೆಲಸಕ್ಕೆಂದು ಪರಸ್ಥಳಕ್ಕೆ ಹೊರಟುಹೋದ. ತಿಂಗಳಿಗೊಮ್ಮೆ ಫೋನಿನಲ್ಲಿ ವಿಚಾರಿಸಿದರೆ ಕಟ್ಟಡ ಪರೀಕ್ಷೆ ಮಾಡಿದಂತೆಯೇ ಎಂದು ಅವನ ಲೆಕ್ಕ. ಓದಿದವನಲ್ಲವೇ, ತಪ್ಪಿರಲಾರದು.

ಅವನು ಹೇಳಿದ ಮಾತುಗಳಲ್ಲಿ ಮೊದಲನೆಯದು ಮಾತ್ರ ಯಜಮಾನರ ತಲೆಗೆ ಹೋಯಿತು. ಗಾಜು ಒಡೆಯಬಾರದು. ಉಳಿದದ್ದನ್ನು ಕಿವಿಗೆ ಹಾಕಿಕೊಳ್ಳುವ ಅಗತ್ಯ ಅವರಿಗೆ ಕಾಣಲಿಲ್ಲ. ಫೋಟೊ ಹಾಳಾಗದಂತೆ ಕಾಯುವುದು ಯಾವುದು? ಗಾಜು. ಗೋಡೆಯನ್ನು ಕಾಯುವುದೂ ಗಾಜೇ ಇರಬೇಕು. ಅಂತೂ ಎಂಜಿನಿಯರಿಂಗ್ ಓದಿದವನಿಗೂ ಕೊನೆಗೆ ನಮ್ಮ ಅಂಗಡಿಯ ಗಾಜೇ ಗತಿಯಾಯಿತಲ್ಲ ಎಂದು ಮೀಸೆಯಡಿಯಲ್ಲೇ ನಕ್ಕರು. ಬಂದ ಗಿರಾಕಿಗಳಿಗೆಲ್ಲ ಈ ಹೊಸ ವಿಧಾನದ ಬಗ್ಗೆ ಉಪನ್ಯಾಸ ಕೊಟ್ಟರು.

ತಿಂಗಳು ತುಂಬುವ ಮೊದಲೇ ಗಾಜು ನಟ್ಟನಡುವೆ ಸೀಳಿತು.

ಯಜಮಾನರಿಗೆ ಮುಖಭಂಗವಾದಂತಾಯಿತು. ತಮ್ಮ ಅಂಗಡಿಯ ಗಾಜು, ತಾವೇ ಆರಿಸಿ ಕೊಟ್ಟದ್ದು, ತಮ್ಮದೇ ಮನೆಯಲ್ಲಿ ಒಡೆಯುವುದೆಂದರೇನು? ಜೀವಮಾನವಿಡೀ ಗಾಜು ಕುಯ್ದವರು ಅವರು. ಗಾಜು ತಾನಾಗಿ ಒಡೆಯುವುದಿಲ್ಲ, ಯಾರಾದರೂ ಒಡೆದರೇ ಒಡೆಯುವುದು, ಇದು ಅವರ ಕಸುಬಿನ ಮೊದಲ ಪಾಠ. ಗಿರಾಕಿಗಳು ಒಡೆದ ಕಟ್ಟು ತಂದು "ಅದಾಗಿ ಅದೇ ಒಡೀತು" ಎಂದು ಪ್ರಮಾಣ ಮಾಡುವುದನ್ನು ಎಷ್ಟು ಸಲ ಕೇಳಿಲ್ಲ! ಹಾಗಾಗಿ ಕೋಣೆಯ ಒಳಗೆ ಕಣ್ಣಾಡಿಸಿ ಒಡೆದವರನ್ನು ಹುಡುಕಿದರು. ಮಂಚದ ಕೆಳಗೆ ರಬ್ಬರಿನ ಚೆಂಡು ಕಂಡಿತು. ತನಿಖೆ ಅಲ್ಲಿಗೆ ಮುಗಿಯಿತು.

"ನಾನು ಹೊಡ್ದಿಲ್ಲ," ಎಂದಳು ಪುಟ್ಟಿ.

"ಮಕ್ಕಳು ಹಾಗೇ ಅನ್ನೋದು," ಎಂದು ಯಜಮಾನರು ಉದಾರವಾಗಿ ನಕ್ಕು, ಅಂಗಡಿಗೆ ಹೋಗಿ ಇನ್ನೂ ಸ್ವಲ್ಪ ದಪ್ಪ ಗಾಜು ತಂದು, ತಾವೇ ಪ್ಲಾಸ್ಟರ್ ಕಲಸಿ ಕೂರಿಸಿದರು. ಕೆಲಸ ಅಚ್ಚುಕಟ್ಟು. ಅಂಚು ಉಜ್ಜಿ ನಯ ಮಾಡಿದ್ದರು, ಮಗುವಿನ ಕೈಗೆ ತಾಗಬಾರದಲ್ಲ.

ಭಾಮೈದನ ಫೋನು ಬಂತು. "ಭಾವ, ಗಾಜು ಹೇಗಿದೆ?"

"ಫಳಫಳ ಹೊಳೀತಿದೆ."

"ಒಡೆದಿಲ್ಲ ತಾನೇ?"

"ಈಗಷ್ಟೇ ನೋಡ್ಕೊಂಡು ಬಂದೆ. ಒಂದು ಗೀರಿಲ್ಲ."

ಇದರಲ್ಲಿ ಸುಳ್ಳು ಒಂದು ಗುಲಗಂಜಿಯಷ್ಟೂ ಇಲ್ಲ. ಯಜಮಾನರು ಸುಳ್ಳು ಹೇಳುವ ಮನುಷ್ಯರಲ್ಲ, ಬೇಕಾದರೆ ಬೀದಿಯಲ್ಲಿ ಯಾರನ್ನಾದರೂ ಕೇಳಬಹುದು. "ಹಾಗಾದ್ರೆ ಗೋಡೆ ಸುಮ್ನಿದೆ, ಬಿಡಿ. ಮಳೆ ಮುಗೀಲಿ, ಪೈಪು ಬದಲಾಯಿಸೋಣ," ಎಂದು ಭಾಮೈದ ಫೋನಿಟ್ಟ. ನರ್ಸಮ್ಮ ಕೇಳಿದಾಗ ಯಜಮಾನರು ಅಷ್ಟನ್ನೂ ಅಕ್ಷರ ಬಿಡದೆ ಒಪ್ಪಿಸಿದರು: "ಗೋಡೆ ಸುಮ್ನಿದೆ ಅಂತ ಎಂಜಿನಿಯರೇ ಹೇಳಿದಾನೆ. ನೀವು ಮಗೂನ ಸ್ವಲ್ಪ ಹದ್ದುಬಸ್ತಿನಲ್ಲಿಡಿ."

ದಪ್ಪ ಗಾಜೂ ಒಡೆಯಿತು. ಈ ಸಲ ನರ್ಸಮ್ಮ ರಾತ್ರಿ ಪಾಳಿ ಮುಗಿಸಿ, ನಿಂತಲ್ಲೇ ನಿದ್ದೆ ಬರುವ ಸ್ಥಿತಿಯಲ್ಲಿ ಮನೆಗೆ ಬಂದಿದ್ದಳು. ಬಾಗಿಲಲ್ಲೇ ಯಜಮಾನರು ಒಡೆದ ಚೂರು ಹಿಡಿದು ನಿಂತಿದ್ದರು. "ಎಂಜಿನಿಯರು ಇಟ್ಟ ಗಾಜಮ್ಮ ಇದು, ಆಟದ ಸಾಮಾನಲ್ಲ. ಗೋಡೆಗೆ ಏನಾದ್ರೂ ಆದ್ರೆ ಆಮೇಲೆ ನನ್ನ ಕೇಳ್ಬೇಡಿ." ಆಕೆ ಮಗಳನ್ನು ಕರೆದು ಕೇಳಿದಳು. ಮಗಳು ಇಲ್ಲ ಎಂದಳು. ಮತ್ತೆ ಕೇಳಿದಳು, ಮತ್ತೆ ಇಲ್ಲ. ಆಕೆಯ ಕೈ ಎದ್ದಿತು. ಏಟು ಬಿದ್ದ ಮೇಲೆ ಪುಟ್ಟಿ ಸ್ವಲ್ಪ ಹೊತ್ತು ಬಿಕ್ಕಿ, "ಹೂಂ, ನಾನೇ ಒಡೆದೆ," ಎಂದಳು. ಯಜಮಾನರಿಗೆ ನೆಮ್ಮದಿಯಾಯಿತು. ತಪ್ಪೊಪ್ಪಿಗೆ ಸಿಕ್ಕ ಮೇಲೆ ಕ್ಷಮಿಸುವುದು ದೊಡ್ಡವರ ಲಕ್ಷಣವೆಂದು ಅವಳ ತಲೆ ನೇವರಿಸಿದರು, ಚೆಂಡನ್ನು ಮಾತ್ರ ಜಪ್ತಿ ಮಾಡಿಕೊಂಡರು.

ಚೆಂಡು ಅಂಗಡಿಯ ಡ್ರಾಯರಿನಲ್ಲಿ ಸೆರೆ ಕೂತಿದ್ದಾಗಲೇ ಮೂರನೆಯ ಗಾಜು ಒಡೆಯಿತು. ಬೇರೆಯವರಾಗಿದ್ದರೆ ಇಲ್ಲಿ ಒಂದು ಕ್ಷಣ ನಿಂತು ಯೋಚಿಸುತ್ತಿದ್ದರೇನೋ. ಯಜಮಾನರು ಯೋಚಿಸಿದರು, ಇಲ್ಲವೆಂದಲ್ಲ. ಯೋಚಿಸಿ, ಮಗು ಕೈಯಿಂದಲೇ ಗುದ್ದಿರಬೇಕು ಎಂಬ ತೀರ್ಮಾನಕ್ಕೆ ಬಂದರು. ಪುಟ್ಟಿಗೂ ಅಷ್ಟು ಹೊತ್ತಿಗೆ ದಾರಿ ಗೊತ್ತಾಗಿತ್ತು. ಇಲ್ಲ ಎಂದರೆ ಏಟು, ಹೂಂ ಎಂದರೆ ಬರೀ ಬೈಗುಳ. ಕೇಳುವ ಮೊದಲೇ "ನಾನೇ" ಎಂದುಬಿಟ್ಟಳು.

ಮುಂಭಾಗದ ಮಲಗುವ ಕೋಣೆಯಲ್ಲಿ ಯಜಮಾನರ ಹೆಂಡತಿ ತಮ್ಮ ಹಾಸಿಗೆಯನ್ನು ಗೋಡೆಯ ಕಡೆಯಿಂದ ಕಿಟಕಿಯ ಕಡೆಗೆ ಎಳೆದುಕೊಂಡಿದ್ದರು. "ಗೋಡೆಯೊಳಗೆ ಏನೋ ಉದುರುತ್ತೆ ಕಣ್ರೀ. ದಿಂಬಿಗೆ ಕಿವಿ ಇಟ್ರೆ ಸಾಕು, ಕೇಳ್ಸುತ್ತೆ."

"ಇಲಿ," ಎಂದರು ಯಜಮಾನರು. ಮರುದಿನವೇ ಬೋನು ತಂದಿಟ್ಟರು. ಬೋನಿಗೆ ಒಂದು ಇಲಿಯೂ ಬೀಳಲಿಲ್ಲ. ಬಲು ಚಾಲಾಕಿ ಇಲಿಗಳು ಎಂದು ಹೊಗಳಿದರು.

"ಮಗು ಮಂಚಾನಾದ್ರೂ ಆಚೆ ಎಳೆಸಿ."

"ಎಳೆಸಿದ್ರೆ ಆ ನರ್ಸಮ್ಮ ಏನಂದ್ಕೋತಾಳೆ? ಗೋಡೆ ಸರಿ ಇಲ್ಲ ಅಂತ ನಾನೇ ಒಪ್ಕೊಂಡ ಹಾಗಾಗಲ್ವೇನೇ?"

ಅಂದಿನಿಂದ ಹೆಂಡತಿ ಮಧ್ಯಾಹ್ನ ಪುಟ್ಟಿಯನ್ನು ಮಲಗಿಸಿದಾಗ ಇಣುಕುವುದನ್ನು ಬಿಟ್ಟು, ಅಲ್ಲೇ ಮಂಚದ ಪಕ್ಕ ಕೂತುಕೊಳ್ಳತೊಡಗಿದರು.

ಕೊನೆಗೆ ಯಜಮಾನರಿಗೆ ಒಂದು ಉಪಾಯ ಹೊಳೆಯಿತು. ಇತ್ತೀಚೆಗೆ ಕೆಲವರು ಕಟ್ಟುಗಳಿಗೆ ಗಾಜಿನ ಬದಲು ಅದರಂತೆಯೇ ಕಾಣುವ ಪ್ಲಾಸ್ಟಿಕ್ ಹಾಳೆ ಹಾಕಿಸುತ್ತಿದ್ದರು. ಕೈಜಾರಿ ಬಿದ್ದರೂ ಒಡೆಯದು, ಬಗ್ಗಿಸಿದರೂ ಮುರಿಯದು. ಅದರಲ್ಲಿ ಒಂದು ಪಟ್ಟಿ ಕುಯ್ದು ಬಿರುಕಿಗೆ ಅಡ್ಡ ಕೂರಿಸಿದರು. ವಾರ ಕಳೆಯಿತು, ತಿಂಗಳು ಕಳೆಯಿತು, ಪಟ್ಟಿ ಒಡೆಯಲಿಲ್ಲ. ಯಜಮಾನರ ಎದೆ ಉಬ್ಬಿತು. ಪುಟ್ಟಿಯನ್ನೂ ಹೊಗಳಿದರು: "ನೋಡಿದ್ಯಾ, ಎಷ್ಟು ಜಾಣೆಯಾಗಿಬಿಟ್ಟಿದೀಯ ಈಗ!" ಅವಳಿಗೆ ತಾನು ಏನು ಮಾಡಿ ಜಾಣೆಯಾದೆನೆಂದು ತಿಳಿಯಲಿಲ್ಲ. ಬೈಗುಳ ನಿಂತಿತಲ್ಲ ಎಂದು ಸುಮ್ಮನಿದ್ದಳು.

ಸೇತುವೆಯ ಕೆಲಸ ಮುಗಿಸಿಕೊಂಡು ಭಾಮೈದ ಊರಿಗೆ ಬಂದ. ಮಗನ ಪದವಿ ಪತ್ರಕ್ಕೆ ಕಟ್ಟು ಹಾಕಿಸಲು ಅಂಗಡಿಗೆ ಬಂದವನನ್ನು ಯಜಮಾನರು ಬಿಟ್ಟರೆ ತಾನೇ? "ಬಾ, ಬಾ, ನಿನ್ನ ಗೋಡೆ ನೋಡುವಂತೆ," ಎಂದು ಕೈಹಿಡಿದು ಎಳೆದುಕೊಂಡೇ ಹೋದರು. ಪುಟ್ಟಿ ಶಾಲೆಯಿಂದ ಬಂದು ಮಂಚದ ಮೇಲೆ ಮಲಗಿದ್ದಳು. ಭಾಮೈದನ ಅಕ್ಕ ಅವಳ ಪಕ್ಕದಲ್ಲಿ ಕೂತು ಬಟ್ಟೆ ಮಡಿಸುತ್ತಿದ್ದರು.

ಭಾಮೈದ ಪಟ್ಟಿಯ ಮೇಲೆ ಬೆರಳಿಟ್ಟ. ಅದು ಬಿಲ್ಲಿನಂತೆ ಬಾಗಿತ್ತು. "ಭಾವ, ಇದೇನಿದು?"

"ಒಡೆಯದ ಗಾಜು!" ಎಂದರು ಯಜಮಾನರು, ಸ್ವಂತ ಮಗನ ಪರಿಚಯ ಮಾಡಿಕೊಡುವವರಂತೆ. "ನಿಂದು ಒಂದು ತಿಂಗಳೂ ತಡೀಲಿಲ್ಲ ಕಣೋ. ಆಮೇಲೆ ದಪ್ಪದ್ದು ಹಾಕಿದೆ, ಅದೂ ಹೋಯ್ತು. ಅದಕ್ಕಿಂತ ದಪ್ಪದ್ದು ಹಾಕಿದೆ, ಅದೂ ಹೋಯ್ತು. ಇದು ನೋಡು, ಕಲ್ಲಿದ್ದ ಹಾಗಿದೆ."

ಭಾಮೈದ ಬಗ್ಗಿ ನೋಡಿದ. ಪಟ್ಟಿಯ ಮೇಲ್ತುದಿಯ ಪ್ಲಾಸ್ಟರ್ ಗೋಡೆಯಿಂದ ಕಿತ್ತುಕೊಂಡು, ಇಟ್ಟಿಗೆಯ ಸಿಪ್ಪೆಯ ಸಮೇತ ಗಾಳಿಯಲ್ಲಿ ನಿಂತಿತ್ತು. ಬಿರುಕಿನೊಳಗೆ ಅವನ ಅಂಗೈ ಪೂರ್ತಿ ಹೋಯಿತು. ಕೈ ಹೊರಗೆ ತೆಗೆದಾಗ ಒದ್ದೆ ಮಣ್ಣು ಮೆತ್ತಿಕೊಂಡಿತ್ತು. ಎಲ್ಲೋ ಮೇಲೆ ಸೂರಿನ ಹತ್ತಿರ ಒಂದು ಚಿಟಿಕೆ ಪುಡಿ ಉದುರಿ ಪುಟ್ಟಿಯ ಹೊದಿಕೆಯ ಮೇಲೆ ಬಿತ್ತು.

"ಅಕ್ಕ, ಮಗೂನ ಎತ್ಕೊ. ಈಗ್ಲೇ. ಹೊರಗೆ ನಡಿ."

ಅಕ್ಕ ಯಾಕೆ ಏನು ಎಂದು ಕೇಳಲಿಲ್ಲ. ಮಡಿಸಿದ ಬಟ್ಟೆಗಳನ್ನು ಹಾಗೇ ಚೆಲ್ಲಿ, ನಿದ್ದೆಯಲ್ಲಿದ್ದ ಮಗುವನ್ನು ಎದೆಗೆ ಅವುಚಿಕೊಂಡು ಹೊರಟೇಬಿಟ್ಟರು. ಕೇಳಿದವರು ಯಜಮಾನರು: "ಯಾಕೋ ಹೀಗೆ ಎದೆ ಒಡೆಸ್ತೀಯ? ಬೀದಿ ಜನ ಏನಂದ್ಕೋತಾರೆ?" ಭಾಮೈದ ಭಾವನ ತೋಳು ಹಿಡಿದು ದೂಡಿಕೊಂಡೇ ಹೊರಗೆ ತಂದ.

ಎದುರಿನ ಪ್ರಿಂಟಿಂಗ್ ಪ್ರೆಸ್ಸಿನ ಜಗುಲಿಯ ಮೇಲೆ ಎಲ್ಲರೂ ನಿಂತರು. ಭಾಮೈದ ಸೂರಿಗೆ ಆಸರೆ ಕೊಡುವ ಊರುಗಂಬ ತರಲು ಯಾರಿಗೋ ಫೋನು ಮಾಡಿದ, ಹಿತ್ತಲಿನ ಕಡೆಯಿಂದ ಹೋಗಿ ಟ್ಯಾಂಕು ಖಾಲಿಯಾಗಲೆಂದು ನಲ್ಲಿಗಳನ್ನು ತಿರುಗಿಸಿ ಬಂದ, ಒಳಗೆ ಹೋಗಬೇಡಿ ಎಂದು ಅಕ್ಕಪಕ್ಕದವರಿಗೆಲ್ಲ ಕೂಗಿದ. ಸುದ್ದಿ ಮುಟ್ಟಿ ನರ್ಸಮ್ಮ ಆಸ್ಪತ್ರೆಯ ಬಿಳಿ ಬಟ್ಟೆಯಲ್ಲೇ ಓಡಿಬಂದಳು. "ಒಂದು ಗಂಟು ಬಟ್ಟೆ ತಂದುಬಿಡ್ತೀನಿ ಸರ್, ಒಂದೇ ನಿಮಿಷ," ಎಂದವಳನ್ನು ಭಾಮೈದ ಅಡ್ಡಗಟ್ಟಿದ.

"ಎಷ್ಟು ಸಲ ಒಡೀತು ಭಾವ? ಒಂದು ಸಲ ಆದ್ರೂ ನಂಗೆ ಹೇಳ್ಬಾರ್ದಿತ್ತಾ?"

"ಅದು ಮಗು ಚೆಂಡು ಹೊಡೆದು..." ಎಂದು ಶುರು ಮಾಡಿದರು ಯಜಮಾನರು.

"ಯಾವ ಚೆಂಡು? ಗೋಡೆ ಎಳೆದಾಗ ಒಡೆಯೋಕೆ ಅಂತಾನೇ ಅಲ್ವಾ ನಾನು ಅದನ್ನ ಇಟ್ಟಿದ್ದು! ಅದು ಒಡೀತಿದ್ದದ್ದು ಗೋಡೆ ಜರಗ್ತಿದ್ದಕ್ಕೆ. ಪ್ರತಿ ಸಲಾನೂ!"

ಯಜಮಾನರಿಗೆ ಇದು ಈಗ ತಾನೇ ಮೊದಲ ಬಾರಿಗೆ ಕೇಳಿದಂತೆ ಆಯಿತು. ಹೌದಲ್ಲ, ಅವನು ಹೀಗೇ ಹೇಳಿದ್ದ. ಅಂದೇ ಹೇಳಿದ್ದ. ಅವರು ಜಗುಲಿಯ ಕಂಬ ಹಿಡಿದುಕೊಂಡರು. ತಾನೂ ಒಮ್ಮೆ ಬಂದು ಕಣ್ಣಾರೆ ನೋಡಬಹುದಿತ್ತು ಎಂದು ಭಾಮೈದನಿಗೂ ಆಗಲೇ ಹೊಳೆದದ್ದು. ನರ್ಸಮ್ಮ ಇಬ್ಬರನ್ನೂ ನೋಡಲಿಲ್ಲ. ತನ್ನ ಬಲಗೈಯನ್ನೇ ನೋಡುತ್ತ ನಿಂತಳು.

ಊರುಗಂಬ ತುಂಬಿದ ಗಾಡಿ ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡಾಗ ಗೋಡೆ ಕೂತಿತು. ಬೀಳುವ ಸದ್ದೇನೂ ಬರಲಿಲ್ಲ, ದಣಿದವರು ನಿಂತಲ್ಲೇ ಕುಸಿದು ಕೂತ ಹಾಗೆ ಕೂತುಬಿಟ್ಟಿತು. ಅದರ ಹಿಂದೆ ಮಹಡಿಯ ಅರ್ಧ ಕೆಳಗಿಳಿಯಿತು. ಆಮೇಲೆ ಬಂತು ಸದ್ದು, ಯಜಮಾನರ ಸರಕಿನ ಸದ್ದು. ಆಳೆತ್ತರದ ಗಾಜುಗಳೆಲ್ಲ ಒಂದೇ ಸಲ ಒಡೆದು, ನಿಂತಿತೆನ್ನುವಷ್ಟರಲ್ಲಿ ಮತ್ತೆ ಮತ್ತೆ ಒಡೆದವು. ಬೀದಿಯ ತುಂಬ ಕೆಂಪು ದೂಳು ಎದ್ದಿತು. ದೂಳು ಇಳಿದ ಮೇಲೆ, ತೆರೆದುಕೊಂಡ ಪಕ್ಕದ ಗೋಡೆಯ ಮೂಲಕ ಹಿಂಭಾಗದ ಕೋಣೆ ಹೊರಕ್ಕೆ ಕಂಡಿತು. ಮಂಚ ಇದ್ದ ಜಾಗದಲ್ಲಿ ಇಟ್ಟಿಗೆಯ ರಾಶಿ ಎದೆಯೆತ್ತರ ಬಿದ್ದಿತ್ತು.

ಆ ಜಾಗವನ್ನು ನೋಡಿ ಯಜಮಾನರು ಜಗುಲಿಯ ಅಂಚಿನಲ್ಲಿ ಕುಕ್ಕರಿಸಿದರು. ಬೀದಿಗೆ ಬೀದಿಯೇ ಸೇರಿತ್ತು. ಯಾರೋ ನೀರು ಕೊಟ್ಟರು. ಸಮಾಧಾನದ ಮಾತಾಡಿದವರೂ ಇದ್ದರು, "ಮನೆ ಹೋದ್ರೆ ಹೋಗ್ಲಿ, ಜೀವ ಉಳೀತಲ್ಲ" ಎಂದರು. ಯಜಮಾನರು ತಲೆ ಎತ್ತಿದಾಗ ಎದುರಿಗೆ ಪುಟ್ಟಿ ಇದ್ದಳು. ಹೆಂಡತಿಯ ಸೆರಗಿನ ಹಿಂದೆ ಅರ್ಧ ಅಡಗಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಇವರನ್ನೇ ನೋಡುತ್ತಿದ್ದಳು. ಕಣ್ಣಲ್ಲಿ ಇನ್ನೂ ನಿದ್ದೆ ಇತ್ತು.

"ಫ್ರೇಮ್ ತಾತ," ಎಂದಳು, "ಈ ಸಲ ನಾನಲ್ಲ."

ಸೇರಿದವರಲ್ಲಿ ಒಂದಿಬ್ಬರು ನಕ್ಕರು, ಅವರಿಗೆ ಹಿಂದುಮುಂದು ಗೊತ್ತಿರಲಿಲ್ಲ. ಯಜಮಾನರಿಗೆ ಮಾತ್ರ ಆ ಇಟ್ಟಿಗೆಯ ರಾಶಿ ತಮ್ಮ ಎದೆಯ ಮೇಲೇ ಬಿದ್ದಂತಾಯಿತು. ಇಷ್ಟು ವರ್ಷ ಯಾವ ಗಿರಾಕಿಗೂ, ಯಾವ ಬಾಡಿಗೆಯವರಿಗೂ, ಕಟ್ಟಿಕೊಂಡ ಹೆಂಡತಿಗೂ ತಮ್ಮದು ತಪ್ಪು ಎಂದವರಲ್ಲ ಅವರು.

"ಯಾವ ಸಲಾನೂ ನೀನಲ್ಲ ಪುಟ್ಟಿ," ಎಂದರು, ತಮಗೇ ಕೇಳಿಸದಷ್ಟು ಮೆಲ್ಲಗೆ.

"ಇನ್ನೊಂದು ಸಲ ಹೇಳಿ ಅಂಕಲ್," ಎಂದಳು ನರ್ಸಮ್ಮ. "ಗಟ್ಟಿಯಾಗಿ ಹೇಳಿ. ಅವಳಿಗೆ ಬೈದಾಗ ಬೀದಿಗೆಲ್ಲ ಕೇಳ್ಸಿತ್ತಲ್ಲ, ಇದೂ ಕೇಳಿಸ್ಲಿ."

ಯಜಮಾನರು ಎದ್ದು ನಿಂತರು. ಕೈಯಲ್ಲಿದ್ದ ನೀರಿನ ಲೋಟ ಕೆಳಗಿಟ್ಟರು. "ಗಾಜು ಒಡೆದದ್ದು ನೀನಲ್ಲಮ್ಮ," ಎಂದು ಗಟ್ಟಿಯಾಗಿ ಹೇಳಿದರು. "ಒಂದು ಸಲಾನೂ ನೀನು ಒಡೀಲಿಲ್ಲ. ತಪ್ಪು ನಂದು. ಸುಮ್ಮಸುಮ್ಮನೆ ನಿನ್ನ ಮೇಲೆ ಹೊರಿಸಿದೆ."

ಪುಟ್ಟಿ ಯಜಮಾನರ ಮುಖ ನೋಡಲಿಲ್ಲ. ಇದು ನಿಜವೋ ಅಲ್ಲವೋ ಎಂದು ಅಮ್ಮನ ಮುಖ ನೋಡಿದಳು.